ಅಮ್ಮ ನೀರು ಹಾಕದ ಮಗು

ಡಾಕ್ಟರು ನನಗೆ ಹೇಳಿದ ಒಂದು ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ. "ನಿನ್ನಿಂದ ಇನ್ನು ಯಾರಿಗೂ ಅಂಟಲ್ಲಮ್ಮ. ಹಸುಗೂಸನ್ನ ಬೇಕಾದ್ರೂ ಎತ್ಕೋ" ಎಂದಿದ್ದರು. ಅದನ್ನು ಅಮ್ಮನಿಗೆ ಹೇಳಿದ್ದರೆ ಅಮ್ಮ ಅವತ್ತೇ ಸೀರೆ ಚೀಲಕ್ಕೆ ತುಂಬಿಕೊಂಡು ತಂಗಿಯ ಬಾಣಂತನಕ್ಕೆ ಹೊರಡುತ್ತಿದ್ದಳು. ನಾನು ಹೇಳಲಿಲ್ಲ, ಅಮ್ಮ ಹೋಗಲಿಲ್ಲ. ನನ್ನ ತಂಗಿ ಪದ್ಮಳಿಗೆ ಮೊದಲ ಬಾಣಂತನದಲ್ಲಿ ತಾಯಿಯ ಕೈ ಸಿಗಲಿಲ್ಲ.

ನನಗೆ ಬಂದಿದ್ದು ಕ್ಷಯ. ಟೀಬಿ ಅಂದರೆ ಎಲ್ಲರಿಗೂ ಗೊತ್ತು. ಈಗ ಪೂರ್ತಿ ಗುಣವಾಗಿದೆ. ಕಾಯಿಲೆಯ ವಿವರವನ್ನು ಆಸ್ಪತ್ರೆಯ ಗೋಡೆಗಳ ಮೇಲೆ ಬೇಕಾದಷ್ಟು ಬರೆಸಿದ್ದಾರೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಅದನ್ನೆಲ್ಲ ಬರೆಯಲು ನನಗೆ ಬರುವುದಿಲ್ಲ. ಆದರೆ ಕಾಯಿಲೆ ಬಿದ್ದವರ ಮನಸ್ಸಿನೊಳಗೆ ಏನೇನು ನಡೆಯುತ್ತದೆ ಎಂಬುದು ಗೊತ್ತು. ಭಯ ಇರುತ್ತದೆ, ನಾಚಿಕೆ ಇರುತ್ತದೆ. ಇವುಗಳ ಜೊತೆಗೆ ಸಣ್ಣತನವೂ ಬಂದು ಕೂತುಕೊಳ್ಳುತ್ತದೆ. ಕೊನೆಯದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಯಾರಾದರೂ ಹಾಸಿಗೆಯಲ್ಲಿ ಮಲಗಿಕೊಂಡು, ನನ್ನಂಥ ಕೆಟ್ಟವರು ಯಾರೂ ಇಲ್ಲ ಅಂದುಕೊಳ್ಳುತ್ತಿದ್ದರೆ ಅವರು ಇದನ್ನು ಓದಲಿ.

ನಮ್ಮದು ಚಾಮರಾಜಪೇಟೆಯ ಅಡ್ಡರಸ್ತೆಯೊಂದರ ವಠಾರ. ಒಂದು ಕೋಣೆ, ಒಂದು ಅಡುಗೆಮನೆ. ನಲ್ಲಿ ಮತ್ತು ಬಚ್ಚಲುಮನೆ ಎಲ್ಲ ಬಾಡಿಗೆದಾರರಿಗೂ ಸೇರಿದ್ದು. ಅಪ್ಪ ಅವೆನ್ಯೂ ರಸ್ತೆಯ ಬಟ್ಟೆ ಗೋಡೌನಿನಲ್ಲಿ ಮೂಟೆ ಇಳಿಸುತ್ತಿದ್ದರು. ನಾವಿಬ್ಬರೂ ಚಿಕ್ಕವರಿದ್ದಾಗಲೇ ತೀರಿಕೊಂಡರು. ಆಮೇಲೆ ನಮ್ಮನ್ನು ಸಾಕಿದ್ದು ಅಮ್ಮನ ಕೈ.

ಅಮ್ಮ ಹಸುಗೂಸುಗಳಿಗೆ ನೀರು ಹಾಕುವ ಕೆಲಸ ಮಾಡುತ್ತಿದ್ದಳು. ಮನೆಮನೆಗೆ ಹೋಗಿ ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ ಬರುವುದು. ನರಸಮ್ಮ ಅಂದರೆ ಚಾಮರಾಜಪೇಟೆಯಿಂದ ಗಾಂಧಿ ಬಜಾರಿನವರೆಗೂ ಗೊತ್ತಿತ್ತು. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ಮುಂದಕ್ಕೆ ಚಾಚಿ, ಮಗುವನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡರೆ ಎಂಥ ರಚ್ಚೆಯ ಮಗುವೂ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಿತ್ತು. ದಾರಿಯಲ್ಲಿ ಹೋಗುವಾಗ ಕಾಲೇಜು ಹುಡುಗರನ್ನು ತೋರಿಸಿ, "ಇವ್ನು ನನ್ನ ಕಾಲ್ಮೇಲೆ ಎಷ್ಟ್ ಸಲ ಉಚ್ಚೆ ಹುಯ್ದಿದಾನೋ! ಈಗ ನೋಡು, ಗುರುತೇ ಸಿಗ್ದಂಗೆ ಹೋಗ್ತಾನೆ" ಎಂದು ನಗುತ್ತಿದ್ದಳು.

ಅವಳ ಕೆಲಸಕ್ಕೆ ಒಂದು ಕಟ್ಟು ಇತ್ತು. ನಮ್ಮ ಮನೆಯಲ್ಲಿ ಯಾರಿಗಾದರೂ ಕೆಮ್ಮು, ಜ್ವರ ಇದ್ದರೆ ಅಮ್ಮ ಎಳೆಮಗುವನ್ನು ಮುಟ್ಟುತ್ತಿರಲಿಲ್ಲ. ನಮಗೆ ನೆಗಡಿಯಾದರೂ ಹೋಗಿ, "ಮನೇಲಿ ಹುಡುಗೀರ್ಗೆ ನೆಗಡಿ, ನಾಲ್ಕ್ ದಿನ ಬರಲ್ಲ" ಎಂದು ಹೇಳಿ ಬಂದುಬಿಡುತ್ತಿದ್ದಳು. ಅಷ್ಟು ದಿನದ ದುಡ್ಡು ಹೋಗುತ್ತಿತ್ತು. ಆದರೆ ಆ ಕಟ್ಟಿನಿಂದಲೇ ಅವಳಿಗೆ ಹೆಸರೂ ಬಂದಿತ್ತು.

ಬೆಳಗಾಗುವ ಮುಂಚೆ ಅಮ್ಮ ಹೊರಟುಬಿಡುತ್ತಿದ್ದಳು. ಪದ್ಮಳಿಗೆ ತಲೆ ಬಾಚಿ, ಡಬ್ಬಿ ಕಟ್ಟಿ ಸ್ಕೂಲಿಗೆ ಕಳಿಸುತ್ತಿದ್ದುದು ನಾನು. ನಾನು ಸ್ಕೂಲು ಬಿಟ್ಟಿದ್ದೂ ಅದಕ್ಕೇ. ಅಮ್ಮ ಮಧ್ಯಾಹ್ನ ಬಂದು ಊಟ ಮಾಡಿ ಕೈ ನೋಯುತ್ತದೆಂದು ಮಲಗುತ್ತಿದ್ದಳು. ಊರ ಮಕ್ಕಳಿಗೆಲ್ಲ ಎಣ್ಣೆ ಹಚ್ಚುವ ಕೈ ನಮ್ಮ ತಲೆ ಮುಟ್ಟುತ್ತಿದ್ದುದು ಹಬ್ಬಕ್ಕೆ ಮಾತ್ರ. ದೂರಲು ಇದನ್ನು ಹೇಳುತ್ತಿಲ್ಲ. ಮುಂದೆ ನಾನು ಮಾಡಿದ್ದು ಎಲ್ಲಿಂದ ಬಂತೆಂದು ಯೋಚಿಸುತ್ತಾ ಹೋದರೆ ಇಲ್ಲಿಗೇ ಬಂದು ನಿಲ್ಲುತ್ತೇನೆ.

ದೊಡ್ಡವಳಾದ ಮೇಲೆ ನಾನು ಸೀರೆಗಳಿಗೆ ಫಾಲ್ಸ್ ಹಾಕುವ ಕೆಲಸ ಹಿಡಿದೆ. ಅಂಗಡಿಯವರು ಸೀರೆ ಕೊಡುತ್ತಿದ್ದರು, ಮನೆಯಲ್ಲಿ ಕೂತು ಹೊಲಿಯುತ್ತಿದ್ದೆ. ನನಗೆ ಬಂದ ಒಂದೆರಡು ಸಂಬಂಧ ಮುರಿದುಬಿದ್ದವು. ಅಷ್ಟರಲ್ಲಿ ಓಕಳಿಪುರಂನಿಂದ ಪದ್ಮಳನ್ನು ಕೇಳಿಕೊಂಡು ಬಂದರು. ಹುಡುಗನಿಗೆ ರೈಲ್ವೆಯಲ್ಲಿ ಕೆಲಸ. "ಅಕ್ಕ ಇರೋವಾಗ ತಂಗಿಗೆ ಹೆಂಗೆ?" ಎಂದು ಅಮ್ಮ ಹಿಂದೆಮುಂದೆ ನೋಡಿದಳು. "ಮಾಡಮ್ಮ, ನಂದೇನು" ಎಂದೆ. ಮದುವೆಯಲ್ಲಿ ಓಡಾಡಿ ಎಲ್ಲ ಕೆಲಸ ಮಾಡಿದೆ. ಬಂದವರೆಲ್ಲ ನನ್ನನ್ನು ನೋಡಿ ದನಿ ತಗ್ಗಿಸುತ್ತಿದ್ದರು.

ಕೆಮ್ಮು ಶುರುವಾಗಿದ್ದು ಅದಾದ ಮೇಲಿನ ವರ್ಷ. ತೊಂಬತ್ತರ ದಶಕದ ನಡುವಿನ ಮಾತು. ಸಂಜೆಯಾದರೆ ಮೈ ಬೆಚ್ಚಗಾಗುವುದು, ರವಿಕೆಗಳು ಸಡಿಲವಾಗುವುದು. ದಾರದ ದೂಳು ಅಂದುಕೊಂಡೆ. ಒಂದು ದಿನ ಕೆನೆ ಬಣ್ಣದ ರೇಷ್ಮೆ ಸೀರೆಗೆ ಫಾಲ್ಸ್ ಹಾಕುತ್ತಾ ಕೆಮ್ಮಿದೆ. ಅಂಚಿನ ಮೇಲೆ ಕೆಂಪು ಹನಿ ಬಿತ್ತು. ಅಮ್ಮ ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ಸೀರೆ ಕಿತ್ತುಕೊಂಡು ಆ ಜಾಗವನ್ನಷ್ಟೇ ತಣ್ಣೀರಲ್ಲಿ ಹಿಡಿದು ಉಜ್ಜತೊಡಗಿದಳು. ಮಗಳು ರಕ್ತ ಕೆಮ್ಮುತ್ತಿದ್ದರೆ ಇವಳಿಗೆ ಸೀರೆ ಹೆಚ್ಚಾಯಿತಲ್ಲ ಎಂದು ಸಿಟ್ಟು ಬಂತು. ಕಲೆ ಹೋದ ಮೇಲೂ ಉಜ್ಜುತ್ತಲೇ ಇದ್ದಳು. 

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ಎದೆಯ ಫೋಟೋ, ಕಫದ ಪರೀಕ್ಷೆ ಎಲ್ಲ ಆಯಿತು. ಉದ್ದದ ವರಾಂಡದಲ್ಲಿ ಬೆಂಚುಗಳು. ಎಲ್ಲರೂ ಬಾಯಿಗೆ ಸೆರಗು, ಟವೆಲ್ ಹಿಡಿದು ಬೇರೆ ಬೇರೆ ಕಡೆ ನೋಡುತ್ತಾ ಕೂತಿರುತ್ತಿದ್ದರು. ನಮ್ಮ ಬೀದಿಯ ಹಾಲಿನ ಬೂತಿನಲ್ಲಿ ದಿನಾ ಸಿಗುತ್ತಿದ್ದ ಹೆಂಗಸೊಬ್ಬಳೂ ಅಲ್ಲಿದ್ದಳು. ಅವಳು ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದಳು. ನಾನೂ ಚಪ್ಪಲಿ ನೋಡಿಕೊಂಡೆ. ಕೆಲವು ವಾರ ಹೀಗೇ ಆಯಿತು. ಒಂದು ದಿನ ಬೆಂಚಿನಲ್ಲಿ ಬೇರೆ ಜಾಗವಿರಲಿಲ್ಲ. ಪಕ್ಕದಲ್ಲಿ ಬಂದು ಕೂತವಳು, "ನಿಂಗೂ ಒಂದಕ್ಕೆ ಕೆಂಪಗೆ ಹೋಗುತ್ತಾ?" ಎಂದು ಮೆಲ್ಲಗೆ ಕೇಳಿದಳು. "ಹೂಂ" ಎಂದೆ. "ಅಬ್ಬ, ನಂಗೊಬ್ಳಿಗೇ ಅಂತ ಹೆದ್ರಿದ್ದೆ" ಎಂದಳು. ಅದು ಮಾತ್ರೆಯ ಬಣ್ಣ, ಹೆದರಬೇಕಾಗಿಲ್ಲ ಎಂದು ಆಮೇಲೆ ನರ್ಸ್ ಹೇಳಿದರು. ಆವತ್ತು ನಾವಿಬ್ಬರೂ ಮೊದಲ ಸಲ ನಕ್ಕೆವು.

ಕಾಯಿಲೆ ಇಂಥದ್ದು ಎಂದು ಗೊತ್ತಾದ ದಿನವೇ ಅಮ್ಮ ಕೆಲಸ ಬಿಟ್ಟಳು. ಸುಳ್ಳು ನೆಪ ಹೇಳಲಿಲ್ಲ. ಒಂದೊಂದು ಮನೆಗೂ ಹೋಗಿ ಹೊರಗೇ ನಿಂತು, "ದೊಡ್ಡೋಳಿಗೆ ಟೀಬಿ ಅಂತ ಹೇಳಿದಾರೆ. ಡಾಕ್ಟ್ರು ಪರವಾಗಿಲ್ಲ ಅನ್ನೋವರ್ಗೂ ನಾನು ಮಗು ಮುಟ್ಟಲ್ಲ" ಎಂದು ಹೇಳಿ ಬಂದಳು. ನನ್ನ ಸೂಜಿ ದಾರ ಅವಳ ಕೈಗೆ ಹೋಯಿತು. ಫಾಲ್ಸ್ ಹಾಕಲು ಕೂತಳು. ಹೊಲಿಗೆ ಡೊಂಕಾಗುತ್ತಿತ್ತು. ನಾನು ಮಲಗಿಕೊಂಡೇ, "ಅಮ್ಮಾ, ಹಾವು ಹೋದಂಗಿದೆ" ಎನ್ನುತ್ತಿದ್ದೆ. "ಸೀರೆ ಒಳಗಡೆ ಬಗ್ಗಿ ಯಾರೇ ನೋಡ್ತಾರೆ?" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ದಿನಕ್ಕೊಂದು ಮೊಟ್ಟೆ ಕೊಡಿ ಎಂದಿದ್ದರು. ನಮ್ಮ ವಠಾರದ ಓನರಮ್ಮ ಬಹಳ ಮಡಿ. ಮೊಟ್ಟೆ, ಮಾಂಸ ತರುವುದಿಲ್ಲವೆಂದು ಒಪ್ಪಿಸಿಯೇ ಮನೆ ಕೊಟ್ಟಿದ್ದರು. ಅಮ್ಮ ಬಾಗಿಲು ಹಾಕಿಕೊಂಡು, ಅನ್ನಕ್ಕಿಟ್ಟ ನೀರಿನಲ್ಲೇ ಮೊಟ್ಟೆ ಬೇಯಿಸಿಬಿಡುತ್ತಿದ್ದಳು. ಸಿಪ್ಪೆಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಮಾರ್ಕೆಟ್ಟಿನ ತೊಟ್ಟಿಗೆ ಹಾಕಿ ಬರುತ್ತಿದ್ದಳು. ಒಂದು ದಿನ ಓನರಮ್ಮ ಕಿಟಕಿ ಹತ್ತಿರ ನಿಂತು ಮೂಗೆಳೆದರು.

"ಏನೇ ಅದು ವಾಸ್ನೆ, ನರಸಮ್ಮ?"

"ಗಂಧಕದ ಮುಲಾಮು ಅಮ್ಮಾವ್ರೇ. ಮಗಳ ಎದೆಗೆ ಹಚ್ತಿದೀನಿ."

"ದಿನಾ ಹಚ್ಬೇಕಾ?"

"ದಿನಾ ಒಂದ್ ಸಲ."

ಓನರಮ್ಮ ಇನ್ನೊಂದು ಸಲ ಮೂಗೆಳೆದು, "ಹಚ್ಚು ಹಚ್ಚು. ಸಣ್ಣಗಾಗೋಗಿದೆ ಹುಡುಗಿ. ಬೇಕಾದ್ರೆ ಎರಡ್ ಸಲ ಹಚ್ಚು" ಎಂದು ಹೊರಟುಹೋದರು. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನನಗೆ ನಗು ಬಂದು, ನಗುವಿನಿಂದ ಕೆಮ್ಮು ಬಂದು, ಕೆಮ್ಮಿನಿಂದ ಕಣ್ಣಲ್ಲಿ ನೀರು ಬಂತು.

ಮಾತ್ರೆ ನುಂಗಿದರೆ ವಾಂತಿ. ಅಮ್ಮ ಹೇರಳೆಕಾಯಿ ಉಪ್ಪಿನಕಾಯಿಯ ಒಂದು ಚೂರನ್ನು ನಾಲಿಗೆಯ ಮೇಲಿಟ್ಟು, ಬೆನ್ನು ನೀವುತ್ತಾ ಕೂರುತ್ತಿದ್ದಳು. ನನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದೆವು. ನಾನು ಊಟ ಬಿಟ್ಟರೆ ಅದೇ ತಟ್ಟೆಯಲ್ಲಿ ಉಳಿದಿದ್ದನ್ನು ಅವಳು ಉಣ್ಣುತ್ತಿದ್ದಳು. ಬೇಡವೆಂದು ಕೂಗಾಡಿದರೆ, "ನನ್ನ ಮೈಯಲ್ಲಿ ಏನಿದೆ ಅಂತ ಅದು ಬಂದು ಸೇರ್ಕೊಳುತ್ತೆ?" ಎನ್ನುತ್ತಿದ್ದಳು. ಸಂಜೆ ಎಳ್ಳೆಣ್ಣೆ ಬಿಸಿ ಮಾಡಿ ಬೆನ್ನಿಗೆ, ಕಾಲಿಗೆ ತಿಕ್ಕುತ್ತಿದ್ದಳು. ಆ ಕೈಯ ಬಗ್ಗೆ ಊರೆಲ್ಲ ಹೇಳುವುದನ್ನು ಕೇಳಿದ್ದೆ. ಅದು ನನ್ನ ಬೆನ್ನಿಗೆ ಬಂದಾಗ ನನಗೆ ಇಪ್ಪತ್ತೇಳು ವರ್ಷ. ಹೆಬ್ಬೆರಳಿನಿಂದ ಬೆನ್ನುಮೂಳೆಯ ಎರಡೂ ಪಕ್ಕ ಒತ್ತಿಕೊಂಡು ಬರುವಾಗ, ಸತ್ತರೂ ಪರವಾಗಿಲ್ಲ ಇದು ನಿಲ್ಲಬಾರದು ಅನ್ನಿಸುತ್ತಿತ್ತು. ನಾನು ಬದುಕಿದ್ದು ಮಾತ್ರೆಯಿಂದ ಎಂದು ಗೊತ್ತು. ಆ ಮಾತ್ರೆಯನ್ನು ಒಂದು ದಿನವೂ ಬಿಡದೆ ನುಂಗಿದ್ದು ಮಾತ್ರ ಆ ಕೈಯಿಂದ.

ಆಗ ಪದ್ಮ ಬಸುರಿ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ನೀರು ಹಾಕುವ ನರಸಮ್ಮನ ಮಗಳಿಗೆ ಬಾಣಂತನದ ಚಿಂತೆಯೇನು ಎಂದು ಓಕಳಿಪುರಂನವರು ಮದುವೆಯಲ್ಲೇ ತಮಾಷೆ ಮಾಡಿದ್ದರು.

ಏಳು ತಿಂಗಳು ತುಂಬಿದ ಮೇಲೆ ಪದ್ಮ ಒಂದು ದಿನ ಬಂದಳು. ಅಮ್ಮ ಅವಳನ್ನು ಒಳಗೆ ಬಿಡಲಿಲ್ಲ. ವಠಾರದ ಗೇಟಿನ ಹತ್ತಿರ ಸ್ಟೂಲು ಹಾಕಿ ಕೂರಿಸಿದಳು. ನಾನು ಒಳಗೆ ಕಿಟಕಿಯ ಕೆಳಗೆ ಮಲಗಿದ್ದೆ. ಎಲ್ಲ ಕೇಳಿಸುತ್ತಿತ್ತು.

"ನಾನಿಲ್ಲಿಗೆ ಬರೋ ಹಂಗಿಲ್ಲ. ನೀನಾದ್ರೂ ಅಲ್ಲಿಗೆ ಬಾ" ಎಂದಳು ಪದ್ಮ.

"ನಾನು ದಿನಾ ಅವಳ ಪಕ್ಕದಲ್ಲೇ ಮಲ್ಗ್ತೀನಿ ಕಣೇ. ಈ ಕೈಲಿ ನಿನ್ ಮಗೂನ ಹೆಂಗ್ ಮುಟ್ಲಿ?"

"ಅಕ್ಕನ್ನ ಸೋದರಮಾವನ ಊರಿಗೆ ಕಳಿಸು ಸ್ವಲ್ಪ ದಿನ."

"ಹುಷಾರಿಲ್ಲದೋಳನ್ನ ಓಡಿಸ್ಲಾ? ಅವಳ ಮಾತ್ರೆ ಯಾರು ನೋಡ್ಕೊಳ್ತಾರೆ?"

"ಹಂಗಾದ್ರೆ ನಂದು ಯಾರು ನೋಡ್ಕೊಳ್ತಾರೆ? ನಮ್ಮತ್ತೆ ಈಗ್ಲೇ ಆಡ್ಕೊಳ್ತಿದಾರೆ. ಊರ್ಗೆಲ್ಲ ಬಾಣಂತನ ಮಾಡ್ತಾಳೆ ನಿಮ್ಮಮ್ಮ, ನಿಂಗೆ ಮಾತ್ರ ಟೈಮಿಲ್ಲ ಅಂತ."

ಅದಕ್ಕೆ ಅಮ್ಮ, "ಡಾಕ್ಟ್ರು ಪರವಾಗಿಲ್ಲ ಅಂತ ಒಂದ್ ಮಾತು ಅನ್ಲಿ ಪದ್ಮಾ. ಅವತ್ತೇ ಬರ್ತೀನಿ. ನಿನ್ನಾಣೆ" ಎಂದಳು.

ಆ ಒಂದು ಮಾತು ಬಂದಿದ್ದು ನನ್ನ ಹತ್ತಿರ.

ಮಾತ್ರೆ ಶುರುಮಾಡಿ ಎರಡು ತಿಂಗಳಾದ ಮೇಲೆ ಮತ್ತೆ ಕಫ ಪರೀಕ್ಷೆ ಮಾಡಿದ್ದರು. ಡಾಕ್ಟರನ್ನು ನೋಡುವ ದಿನ ಅಮ್ಮ ಮಾತ್ರೆ ಕೊಡುವ ಕಿಟಕಿಯ ಕ್ಯೂನಲ್ಲಿ ನಿಂತಿದ್ದಳು. ಕ್ಯೂ ಬಿಟ್ಟರೆ ಜಾಗ ಹೋಗುತ್ತದೆಂದು ನನ್ನೊಬ್ಬಳನ್ನೇ ಒಳಗೆ ಕಳಿಸಿದಳು. ಡಾಕ್ಟರು ವಯಸ್ಸಾದವರು, ಒಳ್ಳೆಯ ಮನುಷ್ಯ. ಚೀಟಿ ನೋಡಿ ಕನ್ನಡಕ ಮೇಲೆತ್ತಿದರು.

"ಗುಡ್. ಕಫ ಕ್ಲೀನಾಗಿದೆ. ಮಾತ್ರೆ ಮಾತ್ರ ಪೂರ್ತಿ ಆರು ತಿಂಗ್ಳು ತಗೋಬೇಕು, ಮಧ್ಯ ಬಿಟ್ಯೋ ಮತ್ತೆ ಬರುತ್ತೆ. ತಿಳೀತಾ?"

"ತಿಳೀತು ಸಾರ್. ಮತ್ತೆ... ಮನೇಲಿ ಮಗು ಇದ್ರೆ?"

ಆಗಲೇ ಅವರು ಆ ಮಾತು ಹೇಳಿದ್ದು. ಹೇಳಿ ನಕ್ಕು, "ಯಾರ್ದು, ನಿಂದಾ?" ಎಂದರು.

"ಅಲ್ಲ ಸಾರ್, ತಂಗೀದು" ಎಂದೆ.

ಬಾಗಿಲಿನಿಂದ ಕ್ಯೂವರೆಗೆ ಒಂದು ವರಾಂಡ ಅಷ್ಟೆ. ಅದನ್ನು ದಾಟುವಾಗ ನನ್ನ ತಲೆಯಲ್ಲಿ ಓಡಿದ್ದು ಇಷ್ಟು. ಅಮ್ಮ ಹೋಗುತ್ತಾಳೆ. ಮೂರು ತಿಂಗಳಾದರೂ ಓಕಳಿಪುರಂನಲ್ಲಿ ಇರುತ್ತಾಳೆ. ಇಲ್ಲವೆಂದರೆ ಪದ್ಮಳೇ ಇಲ್ಲಿಗೆ ಬರುತ್ತಾಳೆ, ಮೂಲೆಯ ನನ್ನ ಜಾಗ ಬಾಣಂತಿಗೆ ಹೋಗುತ್ತದೆ. ಮದುವೆ ಅವಳಿಗೆ ಆಯಿತು, ಮಗು ಅವಳಿಗೆ ಆಗುತ್ತದೆ, ಈಗ ಅಮ್ಮನೂ ಅವಳಿಗೆ. ಸಂಜೆ ನನ್ನ ಬೆನ್ನು ಮುಟ್ಟುವವರು ಇರುವುದಿಲ್ಲ. ಇದನ್ನು ಇಷ್ಟು ಸ್ಪಷ್ಟವಾಗಿ ಆಗ ಯೋಚಿಸಿದೆನೋ, ಬರೆಯುವಾಗ ಹೀಗೆ ಕಾಣುತ್ತಿದೆಯೋ ಹೇಳಲಾರೆ. 

"ಏನಂದ್ರು?" ಅಮ್ಮ ಕ್ಯೂನಿಂದಲೇ ಕೇಳಿದಳು.

"ಮಾತ್ರೆ ನಿಲ್ಲಿಸ್ಬಾರ್ದಂತೆ. ಆರು ತಿಂಗ್ಳು."

"ಮಗು ವಿಷಯ ಕೇಳಿದ್ಯಾ?"

"ಕೇಳ್ದೆ. ಇನ್ನೂ ಬೇಡ ಅಂದ್ರು. ಪೂರ್ತಿ ಮುಗೀಲಿ ಅಂದ್ರು."

ಅಮ್ಮ ತಲೆಯಾಡಿಸಿದಳು. ನನ್ನ ಮಾತಿನ ಮೇಲೆ ಸ್ವಲ್ಪವೂ ಅನುಮಾನ ಪಡಲಿಲ್ಲ. ಮಾತ್ರೆ ಈಸಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡು, ಬಸ್ ಸ್ಟಾಪಿನಲ್ಲಿ ನನಗೆ ಎಳನೀರು ಕೊಡಿಸಿದಳು. ತಾನು ಕುಡಿಯಲಿಲ್ಲ. "ನಿಂಗೆ ಬೇಗ ವಾಸಿಯಾದ್ರೆ ಸಾಕು ಸರೋಜಾ" ಎಂದಳು.

ಪದ್ಮಳಿಗೆ ಹೆಣ್ಣುಮಗುವಾಯಿತು. ಆಸ್ಪತ್ರೆಯಲ್ಲಿ ಅಮ್ಮ ವಾರ್ಡಿನ ಬಾಗಿಲಲ್ಲೇ ನಿಂತು ನೋಡಿ ಬಂದಳು. ಆಮೇಲೆ ಓಕಳಿಪುರಂಗೆ ಹೋಗಿ, ಅಂಗಳದಲ್ಲಿ ನಿಂತು, ಪದ್ಮಳ ಅತ್ತೆಗೆ ಹೇಗೆ ನೀರು ಹಾಕಬೇಕೆಂದು ಹೇಳಲು ಹೋದಳಂತೆ. ನೆತ್ತಿಗೆ ಇಷ್ಟು ಎಣ್ಣೆ, ಬೆನ್ನಿಗೆ ನೀರು ಹೀಗೆ ಎಂದು. ಅವರು ಒಳಗಿನಿಂದಲೇ, "ನಾವೂ ಹೆತ್ತಿದೀವಿ ನರಸಮ್ಮನೋರೆ. ಬರೋಕಾದ್ರೆ ಬಂದ್ ಹಾಕಿ, ಇಲ್ದಿದ್ರೆ ನಮ್ಗೆ ಗೊತ್ತಿರೋ ಹಂಗೆ ಹಾಕ್ಕೊಳ್ತೀವಿ" ಎಂದರಂತೆ. ಇದನ್ನು ನನಗೆ ಹೇಳಿದ್ದು ಪದ್ಮ, ಎಷ್ಟೋ ದಿನದ ಮೇಲೆ. ಅಮ್ಮ ಮನೆಗೆ ಬಂದು ಹೇಳಿದ್ದು ಒಂದೇ ಮಾತು: "ಮಗು ನಿನ್ ಥರ ಇದೆ. ಕಿವಿ ದೊಡ್ಡದು."

ಅವತ್ತು ಸಂಜೆ ಅಮ್ಮ ಬಚ್ಚಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಗೋಡೆ ಹಿಡಿದುಕೊಂಡು ನೋಡಲು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಅಮ್ಮ ಮಣೆಯ ಮೇಲೆ ಕೂತಿದ್ದಳು, ಸೀರೆ ಮೊಣಕಾಲಿಗೆ ಎತ್ತಿ, ಎರಡೂ ಕಾಲು ಮುಂದಕ್ಕೆ ಚಾಚಿಕೊಂಡು. ಕಾಲಿನ ಮೇಲೆ ಏನೂ ಇರಲಿಲ್ಲ. ಚೊಂಬಿನಿಂದ ಬಿಸಿನೀರು ತೆಗೆದು, ಎಡಗೈಯನ್ನು ಅಡ್ಡ ಹಿಡಿದು, ಆ ಖಾಲಿ ಕಾಲುಗಳ ಮೇಲೆ ನಿಧಾನವಾಗಿ ಬಿಡುತ್ತಿದ್ದಳು. ಮಗುವಿನ ಕಣ್ಣಿಗೆ ನೀರು ಹೋಗದಂತೆ ಹಿಡಿಯುವ ಕೈ ಅದು.

ಆಗಲಾದರೂ ಹೇಳಬಹುದಿತ್ತು. ಹೆಸರಿಡುವ ದಿನ ಇನ್ನೂ ಮುಂದಿತ್ತು, ಬಾಣಂತನ ಪೂರ್ತಿ ಉಳಿದಿತ್ತು. ನಾನು ಸದ್ದಾಗದಂತೆ ಬಂದು ಮಲಗಿಕೊಂಡೆ. ಒಂದು ಸಲ ಸುಳ್ಳು ಹೇಳಿದವಳು ಈಗ ನಿಜ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಹೆದರಿದೆ. ಸ್ವಲ್ಪ ಹೊತ್ತಿಗೆ ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಂದು, "ತಿರುಗು, ಬೆನ್ನು ಕೊಡು" ಎಂದಳು. ಕೊಟ್ಟೆ.

ನನ್ನ ಮಾತ್ರೆ ಮುಗಿದ ದಿನವೇ ಅಮ್ಮ ಓಕಳಿಪುರಂಗೆ ಓಡಿದಳು. ನಾನೂ ಹೋಗಿದ್ದೆ. ಮಗು ಆಗಲೇ ಮಗುಚಿಕೊಂಡು ತಲೆ ಎತ್ತುತ್ತಿತ್ತು. ಅಮ್ಮ ಎತ್ತಿಕೊಂಡ ತಕ್ಷಣ ಗುರುತು ಸಿಗದೆ ಕಿರುಚಿ ಅಳತೊಡಗಿತು. "ಅಯ್ಯೋ, ಕಾಲ್ಮೇಲೆ ಮಲಗೋ ವಯಸ್ಸು ಮುಗೀತಲ್ಲೇ ನಿಂದು" ಎಂದು ನಗುತ್ತಾ ಪದ್ಮಳ ಕೈಗೆ ಕೊಟ್ಟಳು. ಪದ್ಮ ಅಮ್ಮನ ಮುಖ ನೋಡದೆ ಮಗುವನ್ನು ಈಸಿಕೊಂಡಳು.

ಅಮ್ಮ ಮತ್ತೆ ಕೆಲಸಕ್ಕೆ ಹೋದಳು. ಮೊದಲಿನಷ್ಟು ಮನೆಗಳು ಸಿಗಲಿಲ್ಲ. ಮೂರು ವರ್ಷವಾದ ಮೇಲೆ ಒಂದು ದಿನ ನಲ್ಲಿಯ ಹತ್ತಿರ ಬಿದ್ದವಳಿಗೆ ಬಲಗಡೆ ಸ್ವಾಧೀನ ತಪ್ಪಿತು. ಆಸ್ಪತ್ರೆಯಲ್ಲಿ ಕೆಲವೇ ದಿನ ಇದ್ದಳು. ಮಾತು ತೊದಲುತ್ತಿತ್ತು. ಅವಳ ಬಲಗೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ತಿಕ್ಕುತ್ತಾ ಕೂತಿರುತ್ತಿದ್ದೆ. ಹೇಳಿಬಿಡಬೇಕೆಂದು ಬಾಯಿಗೆ ಬರುತ್ತಿತ್ತು. ಅವಳು ಎಡಗೈಯಿಂದ ನನ್ನ ಹೊಟ್ಟೆ ಮುಟ್ಟಿ, ಊಟ ಆಯಿತೇ ಎಂದು ಸನ್ನೆ ಮಾಡುತ್ತಿದ್ದಳು. ಆಯಿತು ಎನ್ನುತ್ತಿದ್ದೆ.

ಅಮ್ಮ ತೀರಿಕೊಂಡ ಹನ್ನೊಂದನೆಯ ದಿನ ಕಾರ್ಯವೆಲ್ಲ ಮುಗಿದು ಪಾತ್ರೆ ತೊಳೆಯುವಾಗ ಪದ್ಮ ಹೇಳಿದಳು: "ಸತ್ತೋರ್ನ ಅನ್ಬಾರ್ದು ಅಕ್ಕ. ಆದ್ರೂ ಅಮ್ಮ ನನ್ ವಿಷಯದಲ್ಲಿ ಕಲ್ಲಾಗ್ಬಿಟ್ಲು. ನಂಗೆ ಹದಿನೈದ್ ದಿನಕ್ಕೇ ಕೊಡ ಎತ್ತಿಸಿದ್ರು. ಇವತ್ತಿಗೂ ಸೊಂಟ ಹಿಡಿಯುತ್ತೆ. ಹಿಡ್ದಾಗೆಲ್ಲ ಅಮ್ಮನ ನೆನಪಾಗೋದು, ಒಳ್ಳೆ ಥರ ಅಲ್ಲ."

ನಾನು ತಪ್ಪಲೆ ಉಜ್ಜುತ್ತಲೇ ಇದ್ದೆ. ಮೊದಲ ಸಲ ಸುಮ್ಮನಿದ್ದಾಗ ತಂಗಿಯಿಂದ ತಾಯಿಯ ಕೈ ತಪ್ಪಿಸಿದ್ದೆ. ಎರಡನೆಯ ಸಲ ಸುಮ್ಮನಿದ್ದಾಗ, ಉಳಿದಿದ್ದ ತಾಯಿಯ ನೆನಪನ್ನೂ ಕೆಡಿಸಿದೆ. ಸತ್ತವಳ ಮೇಲೆ ನನ್ನ ತಪ್ಪು ಹೊರಿಸಿ ವರ್ಷಗಟ್ಟಲೆ ಬದುಕಿದೆ. ದಿನಾ ಅಮ್ಮನ ಫೋಟೋಗೆ ಹೂ ಇಡುವಾಗ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿದ್ದೆ. ಫೋಟೋ ಹತ್ತಿರ ಕೇಳುವುದು ಬಹಳ ಸುಲಭ.

ಎರಡು ಸಾವಿರದ ಇಸವಿ ಕಳೆದಿತ್ತು. ಅವರೆಕಾಯಿಯ ಕಾಲ. ಪದ್ಮಳ ಮಗಳು ಸ್ಕೂಲಿಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಒಂದು ಭಾನುವಾರ ಬೆಳಿಗ್ಗೆ ಪದ್ಮ ಒಬ್ಬಳೇ ಬಂದಳು. ನಾನು ನೆನೆಹಾಕಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಅವಳೂ ಎದುರಿಗೆ ಕೂತು ಕೈ ಹಾಕಿದಳು.

"ಅಕ್ಕ, ಮಂಜಂಗೆ ಟೀಬಿ" ಎಂದಳು. ಮಂಜ ಅವಳ ಮೈದುನ, ಇಪ್ಪತ್ತರ ಹುಡುಗ.

"ಯಾವಾಗ್ಲಿಂದ?"

"ಮಾತ್ರೆ ಶುರುವಾಗಿ ಎರಡ್ ತಿಂಗ್ಳು ಆಯ್ತು. ಅತ್ತೆ ಯಾರ್ಗೂ ಹೇಳ್ಬೇಡ ಅಂದಿದ್ರು. ಮೊನ್ನೆ ಕಫ ಕ್ಲೀನ್ ಅಂತ ಬಂತು. ಆಸ್ಪತ್ರೇಲಿ, ಎಲ್ಲರ ಜೊತೆ ಇರ್ಬಹುದು ಅಂದ್ರು. ಅತ್ತೆ ಒಪ್ತಿಲ್ಲ. ತಾರಸಿ ಮೇಲೆ ಶೀಟಿನ ರೂಮಿದ್ಯಲ್ಲ, ಅಲ್ಲೇ ಇಟ್ಟಿದಾರೆ. ಮೆಟ್ಲ ಮೇಲೆ ಊಟ ಇಟ್ಟು ಬರೋದು. ಆರು ತಿಂಗ್ಳು ಮುಗಿಯೋವರ್ಗೂ ಕೆಳಗೆ ಬರೋಹಂಗಿಲ್ಲ ಅಂತ."

"ಡಾಕ್ಟ್ರು ಹೇಳಿದ ಮೇಲೂ ಯಾಕೆ?"

"ನಿನ್ನಿಂದ" ಎಂದಳು ಪದ್ಮ, ಕಾಳು ಹಿಸುಕುತ್ತಲೇ. "ನಿಮ್ಮಕ್ಕಂಗೆ ಆರು ತಿಂಗ್ಳು ಮಗು ಹತ್ರ ಬೇಡ ಅಂದಿದ್ರಲ್ಲ ಅಂತಾರೆ. ಎಳೆಮಕ್ಕಳ ವಿಷಯ ನಿಮ್ಮಮ್ಮಂಗಿಂತ ಯಾರಿಗೆ ಗೊತ್ತು, ಅವರೇ ಮೊಮ್ಮಗೂನ ಮುಟ್ಲಿಲ್ವಲ್ಲ, ಈ ಡಾಕ್ಟ್ರು ಏನ್ ಹೇಳೋದು ಅಂತಾರೆ. ನಾನು ಏನಂತ ಮಾತಾಡ್ಲಿ? ಮಂಜ ನಿನ್ನೆ, ಮಾತ್ರೆ ನುಂಗಿ ಏನ್ ಬಂತು ಅತ್ಗೆ, ಹೆಂಗಿದ್ರೂ ಇಲ್ಲೇ ತಾನೇ ಅಂತ ಅತ್ತ. ಊಟಾನೂ ಬಿಟ್ಟಿದಾನೆ. ನೀನೊಂದ್ ಸಲ ಬಾ ಅಕ್ಕ. ಆರು ತಿಂಗ್ಳು ನೀನ್ ಹೆಂಗ್ ಕಳೆದೆ ಅಂತ ಅವನಿಗೆ ಹೇಳು."

ನನ್ನ ಬೆರಳುಗಳ ಮಧ್ಯದ ಕಾಳು ಹಾಗೇ ನಿಂತಿತು. ಅಮ್ಮನ ಮಾತು ಅಂದರೆ ಆ ಅತ್ತೆ ಅಷ್ಟು ನಂಬಿದ್ದರು. ಅಮ್ಮನ ಹೆಸರು ಹಿಡಿದು ಆ ಹುಡುಗನನ್ನು ತಾರಸಿಯ ಮೇಲೆ ಕೂಡಿಹಾಕಿದ್ದರು. ಅವನು ಮಾತ್ರೆ ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮಾತ್ರೆ ಬಿಟ್ಟವರು ಮತ್ತೆ ಬಂದು, ಎದ್ದು ನಿಲ್ಲಲಾರದೆ ಅದೇ ಬೆಂಚಿನಲ್ಲಿ ಕೂತಿದ್ದನ್ನು ಕಂಡಿದ್ದೆ.

"ಪದ್ಮಾ, ನಂಗೆ ಡಾಕ್ಟ್ರು ಆರು ತಿಂಗ್ಳು ಅಂತ ಹೇಳ್ಲಿಲ್ಲ" ಎಂದೆ.

"ಮತ್ತೆ?"

"ಎರಡ್ ತಿಂಗ್ಳಿಗೇ ಹೇಳಿದ್ರು. ಮಗೂನೂ ಎತ್ಕೋಬಹುದು ಅಂತ. ನಿಂಗಿನ್ನೂ ಹೆರಿಗೆ ಆಗಿರ್ಲಿಲ್ಲ."

ಅವಳ ಕೈ ನಿಂತಿತು.

"ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ. ಅಮ್ಮ ಕ್ಯೂನಲ್ಲಿದ್ಲು. ನಾನು, ಇನ್ನೂ ಬೇಡ ಅಂದ್ರು ಅಂತ ಹೇಳ್ದೆ."

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೊರಗೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು, ಮುಖ ತೊಳೆದಳು, ಮತ್ತೆ ಮುಖ ತೊಳೆದಳು. ಬಂದು ಹೊಸಿಲಿನಲ್ಲಿ ನಿಂತಾಗ ಮುಖದಿಂದ ನೀರು ಸುರಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ.

"ಅಂಗಳದಲ್ಲಿ ನಿಂತಿದ್ಲು ಅಕ್ಕ" ಎಂದಳು. "ಬಿಸಿಲಲ್ಲಿ. ನಾನು ಕಿಟಕಿ ಹಾಕ್ಕೊಂಡೆ. ಅಮ್ಮ ನೋಡ್ತಿದ್ಲು, ನಾನೇ ಎದ್ದು ಹೋಗಿ ಕಿಟಕಿ ಹಾಕ್ದೆ."

ಇದು ನನಗೆ ಗೊತ್ತಿರಲಿಲ್ಲ. ಅಮ್ಮ ಹೇಳಿರಲಿಲ್ಲ. ಎದ್ದು ಅವಳ ಹತ್ತಿರ ಹೋದೆ. ಮುಟ್ಟಲು ಧೈರ್ಯ ಬರಲಿಲ್ಲ. ಅಷ್ಟು ವರ್ಷ ಮನಸ್ಸಿನಲ್ಲೇ ಹೇಳಿಕೊಂಡಿದ್ದನ್ನು ಬಾಯಿಬಿಟ್ಟು ಹೇಳಿದ್ದು ಆಗ, ವಠಾರದವರಿಗೆ ಕೇಳಿಸಿದರೂ ಕೇಳಿಸಲಿ ಎಂದು, ಗಟ್ಟಿಯಾಗಿ.

"ಮಂಜನ ಹತ್ರ, ನಿಮ್ಮತ್ತೆ ಹತ್ರ ಇವತ್ತೇ ಬಂದು ಎಲ್ಲಾ ಹೇಳ್ತೀನಿ. ಮೊದ್ಲು ನಿಂಗೆ ಹೇಳ್ಬೇಕು. ಅಮ್ಮ ಕಲ್ಲಾಗಿರ್ಲಿಲ್ಲ ಪದ್ಮಾ. ನಿನ್ ಹತ್ರ ಬರೋಕೆ ದಿನಾ ಒದ್ದಾಡಿದ್ಲು. ತಡೆದೋಳು ನಾನು. ನಂಗೆ ಅಮ್ಮ ಬೇಕಾಗಿತ್ತು, ಅದಕ್ಕೆ ನಿಂಗೆ ಇಲ್ಲದಂಗೆ ಮಾಡ್ದೆ. ನಿನ್ ಸೊಂಟ ನೋಯೋದು ನನ್ನಿಂದ, ಆ ಕಿಟಕಿ ಹಾಕಿಸಿದ್ದೂ ನಾನೇ. ತಪ್ಪಾಯ್ತು ಕಣೇ. ತಪ್ಪಾಯ್ತು."